ಅಟ್ಟದಿಂದ ಇಳಿದ ರೆಕಾರ್ಡ್ ಪ್ಲೇಯರ್: ನಾಲ್ಕು ವಾರಗಳ ರಿಪೇರಿ ದಿನಚರಿ

ಮೊದಲ ವಾರ

ಸಾಗರದ ಹಳೆಯ ಮನೆಯ ಅಟ್ಟದಲ್ಲಿ ಅಡಿಕೆ ಚೀಲಗಳ ಹಿಂದೆ ಕುಳಿತಿದ್ದ ದೊಡ್ಡಪ್ಪನವರ ರೆಕಾರ್ಡ್ ಪ್ಲೇಯರ್ ಈಗ ನನ್ನ ಮೇಜಿನ ಮೇಲಿದೆ. ಸೂಟ್‌ಕೇಸಿನಂತೆ ಮುಚ್ಚಿಡಬಹುದಾದ, ವಾಲ್ವ್ (ಗಾಜಿನ ನಿರ್ವಾತ ನಳಿಗೆ) ಆಂಪ್ಲಿಫೈಯರ್ ಮತ್ತು ಸ್ಪೀಕರ್ ಒಳಗೇ ಇರುವ, ನಿಮಿಷಕ್ಕೆ 16, 33⅓, 45 ಮತ್ತು 78 ಸುತ್ತು ಎಂಬ ನಾಲ್ಕು ವೇಗಗಳ ಯಂತ್ರವಿದು. ದಶಕಗಳಿಂದ ಓಡದ ಯಂತ್ರವನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸುವುದು ಹುಂಬತನವಾದ್ದರಿಂದ, 100 ವಾಟ್‌ನ ಹಳೆಯ ಬಲ್ಬೊಂದನ್ನು ಸೀರೀಸ್‌ನಲ್ಲಿ ಜೋಡಿಸಿ ವಿದ್ಯುತ್ ಕೊಟ್ಟೆ. ಒಳಗೆಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪ್ರಖರವಾಗಿ ಉರಿದು ತಿಳಿಸುತ್ತದೆಯೇ ಹೊರತು ಯಂತ್ರ ಸುಡುವುದಿಲ್ಲ. ಬಲ್ಬು ಮಂದವಾಗಿಯೇ ಉಳಿಯಿತು. ಅರ್ಧ ನಿಮಿಷದಲ್ಲಿ ಸ್ಪೀಕರಿನಿಂದ ಗುಂಯ್ ಎಂಬ ದಪ್ಪ ನಾದ ಹೊರಟಿತು, ಟರ್ನ್‌ಟೇಬಲ್ ಸೋಮಾರಿಯಂತೆ ತಿರುಗಿತು, ಮುಳ್ಳು ಇಟ್ಟಾಗ ಹಾಡು ಮಾತ್ರ ಬರಲಿಲ್ಲ.

ಹಾಡು ಬಾರದ್ದರ ಕಾರಣ ಬೇಗ ಸಿಕ್ಕಿತು. ಯಂತ್ರದಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದನ್ನು ಖಚಿತಪಡಿಸಿಕೊಂಡು (ಕೆಲವು ಅಗ್ಗದ ಮಾದರಿಗಳಲ್ಲಿ ಅದಿರದೆ ಚಾಸಿಯೇ, ಅಂದರೆ ಲೋಹದ ಚೌಕಟ್ಟೇ, ಲೈನಿಗೆ ಕೂಡಿರುತ್ತದೆ, ಮುಟ್ಟಿದರೆ ಪ್ರಾಣಕ್ಕೆ ಅಪಾಯ) ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಕಾರ್ಟ್ರಿಡ್ಜಿನ ತಂತಿಯ ತುದಿಗೆ ಸ್ಕ್ರೂಡ್ರೈವರ್ ತಾಗಿಸಿದಾಗ ಸ್ಪೀಕರ್ ಗರ್ರೆಂದಿತು. ಅಲ್ಲಿಂದ ಮುಂದಿನದೆಲ್ಲ ಜೀವಂತವಾಗಿದೆ, ಸತ್ತಿರುವುದು ಕಾರ್ಟ್ರಿಡ್ಜ್. ಆ ಕಾಲದ ಕ್ರಿಸ್ಟಲ್ ಕಾರ್ಟ್ರಿಡ್ಜಿನೊಳಗೆ ಇರುವುದು ರೋಶೆಲ್ ಉಪ್ಪಿನ ಹರಳು. ಉಪ್ಪಿನ ಭರಣಿಯೇ ನೀರೊಡೆಯುವ ಮಲೆನಾಡಿನ ಮಳೆಗಾಲಗಳನ್ನು ಅದು ತಾಳಿಕೊಳ್ಳುವುದು ಸಾಧ್ಯವಿರಲಿಲ್ಲ. ತೇವಕ್ಕೆ ಜಗ್ಗದ ಸೆರಾಮಿಕ್ ಕಾರ್ಟ್ರಿಡ್ಜ್ ಒಂದನ್ನು ತರಿಸಿದ್ದೇನೆ.

ಎರಡನೆಯ ವಾರ

ಗುಂಯ್‌ನಾದದ ಸರದಿ. ವಾಲ್ವುಗಳು ಎರಡೇ: ದೋಸೆ ಕಾವಲಿಯಷ್ಟು ಬಿಸಿಯಾಗುವ, ದನಿಯನ್ನು ವರ್ಧಿಸುವ ಇಸಿಎಲ್82 ಮತ್ತು ಎಸಿಯನ್ನು ಡಿಸಿಯಾಗಿಸುವ ರೆಕ್ಟಿಫೈಯರ್ ಆದ ಇಝಡ್80. ಆ ಡಿಸಿಯ ಏರಿಳಿತವನ್ನು ಸಮ ಮಾಡುವ ಫಿಲ್ಟರ್ ಕೆಪ್ಯಾಸಿಟರ್ ಒಣಗಿ, ಬುಡದಲ್ಲಿ ಬಿಳಿಯ ಹುಡಿ ಕಟ್ಟಿತ್ತು. ಅದರ ಚಾರ್ಜನ್ನು ರೆಸಿಸ್ಟರ್ ಮೂಲಕ ಇಳಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಕೈಯಿಟ್ಟೆ. 32 ಮೈಕ್ರೋಫ್ಯಾರಡ್‌ನ ಎರಡು ಭಾಗಗಳ ಬದಲಿಗೆ 450 ವೋಲ್ಟಿನ ಎರಡು 33 ಮೈಕ್ರೋಫ್ಯಾರಡ್ ಕೆಪ್ಯಾಸಿಟರುಗಳನ್ನು ಬೆಸೆದೆ. ದೊಡ್ಡದನ್ನು ಹಾಕಿದರೆ ಗುಂಯ್‌ನಾದ ಇನ್ನೂ ಕಡಿಮೆಯಾಗುತ್ತದೆಂಬ ಆಸೆ ಒಳ್ಳೆಯದಲ್ಲ. ಇಝಡ್80 ತಾಳುವ ಮಿತಿ 50 ಮೈಕ್ರೋಫ್ಯಾರಡ್, ಅದನ್ನು ಮೀರಿದರೆ ಕ್ಷೀಣಿಸುವುದು ವಾಲ್ವಿನ ಆಯುಸ್ಸು. ಮೇಣದ ಹೊದಿಕೆಯ ಕಪ್ಲಿಂಗ್ ಕೆಪ್ಯಾಸಿಟರನ್ನೂ ಬದಲಿಸಿದೆ.

ಮೂರನೆಯ ವಾರ

ನನ್ನನ್ನು ದಾರಿ ತಪ್ಪಿಸಿದ್ದು ವೇಗದ ಸಮಸ್ಯೆ. ಟರ್ನ್‌ಟೇಬಲಿನ ಅಂಚಿಗೆ ಕಾಗದದ ಚೂರು ಅಂಟಿಸಿ ಎಣಿಸಿದರೆ 33⅓ ಇರಬೇಕಾದಲ್ಲಿ ನಿಮಿಷಕ್ಕೆ 31 ಸುತ್ತು, ಅಂದರೆ ಶೇಕಡಾ 7ರಷ್ಟು ನಿಧಾನ. ಬಂದ ಹೊಸ ಕಾರ್ಟ್ರಿಡ್ಜ್ ಕೂಡಿಸಿ ಹಾಡು ಹಾಕಿದರೆ ಗಾಯಕರ ಶ್ರುತಿ ಅರ್ಧ ಸ್ವರಕ್ಕಿಂತ ತುಸು ಹೆಚ್ಚೇ ಇಳಿದಿತ್ತು. ಜೊತೆಗೆ ಹಾಡಿನ ಕೆಳಗೆ ಧಬ್ ಧಬ್ ಎಂಬ ಗುದ್ದು ಬೇರೆ.

ಈ ಯಂತ್ರದಲ್ಲಿ ಬೆಲ್ಟ್ ಇಲ್ಲ. ಮೋಟಾರಿನ ಮೆಟ್ಟಿಲು ಮೆಟ್ಟಿಲಾದ ಪುಲ್ಲಿ ಒಂದು ರಬ್ಬರ್ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಟರ್ನ್‌ಟೇಬಲಿನ ಒಳ ಅಂಚನ್ನು ಉಜ್ಜಿ ತಿರುಗಿಸುತ್ತದೆ. ಗುದ್ದನ್ನು ಎಣಿಸಿದೆ: ಒಂದು ಸುತ್ತಿಗೆ ಐದು. ಒಳ ಅಂಚಿನ ವ್ಯಾಸ 20 ಸೆಂಟಿಮೀಟರ್, ರಬ್ಬರ್ ಚಕ್ರದ್ದು 4. ಟರ್ನ್‌ಟೇಬಲ್ ಒಮ್ಮೆ ತಿರುಗಿದರೆ ರಬ್ಬರ್ ಚಕ್ರ ಐದು ಸಲ ತಿರುಗಬೇಕು, ಆದ್ದರಿಂದ ಗುದ್ದು ಅದರದೇ. ಸೆಕೆಂಡಿಗೆ ಇಪ್ಪತ್ತಕ್ಕೂ ಹೆಚ್ಚು ಸುತ್ತುವ ಮೋಟಾರಿನದಾಗಿದ್ದರೆ ಬಿಡಿ ಗುದ್ದುಗಳಾಗಿ ಅಲ್ಲ, ಒಂದೇ ಮೊರೆತವಾಗಿ ಕೇಳುತ್ತಿತ್ತು. ಬಿಚ್ಚಿ ಉಗುರು ಆಡಿಸಿದಾಗ ಸಣ್ಣ ತಗ್ಗು ಸಿಕ್ಕಿತು. ಕೊನೆಯ ಬಾರಿ ಹಾಡು ಕೇಳಿದವರು ಗುಂಡಿಯನ್ನು ಆಫ್‌ಗೆ ತಿರುಗಿಸದೆ, ಗೋಡೆಯ ಸ್ವಿಚ್ಚನ್ನಷ್ಟೇ ಆರಿಸಿ ಮುಚ್ಚಿಟ್ಟಿರಬೇಕು. ಹಾಗಾಗಿ ಚಕ್ರ ಹಿಂದೆ ಸರಿಯದೆ, ಪುಲ್ಲಿ ಅಷ್ಟೂ ವರ್ಷ ರಬ್ಬರನ್ನು ಒತ್ತಿಕೊಂಡೇ ಕುಳಿತಿದೆ. ಚಕ್ರವನ್ನು ಡ್ರಿಲ್ಲಿಗೆ ಸಿಕ್ಕಿಸಿ ನುಣುಪಾದ ಉಪ್ಪುಕಾಗದ ಹಿಡಿದು ತಗ್ಗು ಮಾಯುವವರೆಗೆ ತೇಯ್ದೆ.

ಗುದ್ದು ಹೋಯಿತು, ವೇಗ ಬದಲಾಗಲಿಲ್ಲ. ಚಕ್ರ ಸವೆಸಿದ್ದರಿಂದ ಇನ್ನೂ ನಿಧಾನವಾದೀತೆಂದು ಅಂಜಿದ್ದವನು ಆಗ ಕಾಗದ ಹಿಡಿದು ಕುಳಿತೆ. ಪುಲ್ಲಿಯ ಮೈ ಎಷ್ಟು ದೂರ ಸಾಗುತ್ತದೆಯೋ ರಬ್ಬರಿನ ಅಂಚೂ ಅಷ್ಟೇ ಸಾಗುತ್ತದೆ, ಟರ್ನ್‌ಟೇಬಲಿನ ಅಂಚೂ ಅಷ್ಟೇ. ನಡುವಿನ ಚಕ್ರದ ಗಾತ್ರಕ್ಕೆ ಲೆಕ್ಕದಲ್ಲಿ ಜಾಗವೇ ಇಲ್ಲ. ಹಾಗಾದರೆ ರಬ್ಬರ್ ಜಾರುತ್ತಿರಬೇಕು, ಇಲ್ಲವೇ ಮೋಟಾರೇ ನಿಧಾನವಾಗಿರಬೇಕು. ಉತ್ತರ ಅಕಸ್ಮಾತ್ತಾಗಿ ದೊರೆಯಿತು. ಊಟಕ್ಕೆ ಎದ್ದಾಗ ಆರಿಸಲು ಮರೆತು, ಅರ್ಧ ಗಂಟೆಯ ನಂತರ ಬಂದು ಎಣಿಸಿದರೆ 33 ಸುತ್ತು ದಾಟಿತ್ತು. ಬಿಸಿಯಾದ ಮೇಲೆ ಸರಿಹೋಗುವುದೆಂದರೆ ಮೋಟಾರಿನ ದಂಡ ತಿರುಗುವ ಬುಷ್‌ನೊಳಗಿನ ಹಳೆಯ ಎಣ್ಣೆ ಅಂಟಾಗಿದೆ ಎಂದೇ ಅರ್ಥ. ಮೋಟಾರ್ ಬಿಚ್ಚಿದೆ. ಹಲಸಿನ ಮೇಣದಂತಹ ಕಂದು ಜಿಗುಟನ್ನು ಸ್ಪಿರಿಟ್‌ನಿಂದ ತೊಳೆದು, ಎಣ್ಣೆ ಹೀರುವ ಆ ಕಂಚಿನ ಬುಷ್‌ಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಕುಡಿಸಿ, ಒಂದು ರಾತ್ರಿ ಬಿಟ್ಟು ಮರಳಿ ಜೋಡಿಸಿದೆ. ಹೀಗೆ ಮಾಡುವವರು ರಬ್ಬರಿಗೆ ಎಣ್ಣೆಯ ಕೈ ತಾಗದಂತೆ ನೋಡಿಕೊಳ್ಳಬೇಕು.

ನಾಲ್ಕನೆಯ ವಾರ

ವೇಗದ ಅಂತಿಮ ಪರೀಕ್ಷೆಗೆ 180 ಗೆರೆಗಳ ವೃತ್ತವನ್ನು ಮುದ್ರಿಸಿ ಟರ್ನ್‌ಟೇಬಲ್ ಮೇಲಿಟ್ಟೆ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಿಯಾನ್ ದೀಪ ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ, 33⅓ ಸುತ್ತಿನ ವೇಗದಲ್ಲಿ ಗೆರೆಗಳು ನಿಂತಂತೆ ಕಾಣುತ್ತವೆ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಏನೂ ಕಾಣಲಿಲ್ಲ. ಕೋಣೆ ಕತ್ತಲು ಮಾಡಿ, ಹಳೆಯ ಎಕ್ಸ್‌ಟೆನ್ಶನ್ ಬೋರ್ಡಿನ ಕೆಂಪು ನಿಯಾನ್ ಇಂಡಿಕೇಟರನ್ನು ಹತ್ತಿರ ಹಿಡಿದಾಗ ಗೆರೆಗಳು ಸ್ಥಿರವಾಗಿ ನಿಂತವು.

ಹೊಸ ಕಾರ್ಟ್ರಿಡ್ಜಿನ ಮುಳ್ಳು ತಟ್ಟೆಯನ್ನು ಒತ್ತುವ ಭಾರವನ್ನು ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ 5 ಗ್ರಾಂಗೆ ಹೊಂದಿಸಿದ್ದೇನೆ. ಅದರಲ್ಲಿ ಎರಡು ಮುಳ್ಳುಗಳಿವೆ. 78ರ ತಟ್ಟೆಯ ಗೀರು 33⅓ರಲ್ಲಿ ತಿರುಗುವ ಎಲ್‌ಪಿ ತಟ್ಟೆಯದಕ್ಕಿಂತ ಸುಮಾರು ಮೂರು ಪಟ್ಟು ಅಗಲವಾದ್ದರಿಂದ ಸನ್ನೆಯನ್ನು ಮಗುಚಿ ದಪ್ಪ ಮುಳ್ಳನ್ನು ಕೆಳಗೆ ತರಬೇಕು. 78ರ ತಟ್ಟೆಗಳನ್ನು ಒರೆಸಲು ಸ್ಪಿರಿಟ್ ಬಳಸಲಿಲ್ಲ. ಅವು ಅರಗಿನವು, ಬಡಗಿಗಳು ಪಾಲಿಶ್ ತಯಾರಿಸಲು ಅರಗನ್ನು ಕರಗಿಸುವುದೇ ಸ್ಪಿರಿಟ್‌ನಲ್ಲಿ. ತೇವದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಗಿಸಿ, ದೊಡ್ಡಪ್ಪ ಜೋಪಾನವಾಗಿಟ್ಟಿದ್ದ ಮಲ್ಲಿಕಾರ್ಜುನ ಮನಸೂರರ ತಟ್ಟೆಯನ್ನು ಹಾಕಿದೆ. ಚರಪರ ಸದ್ದಿನ ನಡುವಿನಿಂದ ದನಿ ಎದ್ದು ಬಂದು, ಮೂರು ನಿಮಿಷ ಸ್ವಲ್ಪವೂ ಜಗ್ಗದೆ ಶ್ರುತಿಯಲ್ಲೇ ನಿಂತಿತು.

ತಟ್ಟೆ ಮುಗಿದಾಗ ತಾನೇ ನಿಲ್ಲಿಸುವ ಸನ್ನೆ ಇನ್ನೂ ಕೆಲಸ ಮಾಡುತ್ತಿಲ್ಲ. ಅದರ ಗ್ರೀಸ್ ಕೂಡ ಗಟ್ಟಿಯಾಗಿರಬಹುದು, ಮುಂದಿನ ಭಾನುವಾರ ಬಿಚ್ಚಿ ನೋಡಬೇಕು. ಸದ್ಯಕ್ಕೆ ಪ್ರತಿ ಮೂರು ನಿಮಿಷಕ್ಕೊಮ್ಮೆ ನಾನೇ ಎದ್ದು ತೋಳೆತ್ತಿ, ಮರೆಯದೆ ಗುಂಡಿಯನ್ನು ಆಫ್‌ಗೆ ತಿರುಗಿಸುತ್ತಿದ್ದೇನೆ.