ಮಿಸ್ಟಿಕ್ ನದಿಗೊಂದು ಸಾರ್ವಜನಿಕ ಜೆಟ್ಟಿ: ಬಾಸ್ಟನ್ ಸುತ್ತಲ ಊರುಗಳಲ್ಲಿ ಅದನ್ನು ಕಟ್ಟುವ ಬಗೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ನಿನ ಉತ್ತರಕ್ಕೆ ಮಿಸ್ಟಿಕ್ ಎಂಬ ನದಿಯಿದೆ. ಉದ್ದ ಹೆಚ್ಚಿಲ್ಲ, ಆದರೆ ದಡದಲ್ಲಿ ಊರಿಗೆ ಊರು ಅಂಟಿಕೊಂಡಿದೆ: ಆರ್ಲಿಂಗ್ಟನ್, ಮೆಡ್‌ಫರ್ಡ್, ಸೊಮರ್‌ವಿಲ್, ಎವರೆಟ್. ಇದಕ್ಕೆ ಬಂದು ಸೇರುವ ಮಾಲ್ಡನ್ ಹೊಳೆಯ ಮೇಲೆ ಮಾಲ್ಡನ್. ಪ್ರತಿ ಊರಿಗೂ ತನ್ನದೇ ಆಡಳಿತ, ತನ್ನದೇ ಪೊಲೀಸ್, ತನ್ನದೇ ಬಜೆಟ್. ಗಡಿ ಮಾತ್ರ ಹಲವು ಕಡೆ ನೀರಿನ ನಡುವೆಯೇ ಹಾದುಹೋಗುತ್ತದೆ. ಇಂಥ ಜಾಗದಲ್ಲಿ ಜನ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಇಳಿಸಲು, ಮೀನು ಹಿಡಿಯಲು ಒಂದು ತೇಲುವ ಜೆಟ್ಟಿ ಕಟ್ಟಬೇಕೆಂದರೆ ಮರ ಮತ್ತು ಅಲ್ಯೂಮಿನಿಯಂ ಸಣ್ಣ ಪಾಲು. ನವೆಂಬರಿನಲ್ಲಿ ಅದನ್ನು ನೀರಿನಿಂದ ಎತ್ತುವವರು ಯಾರು, ಎಲ್ಲಿ ಇಡುತ್ತಾರೆ, ದುಡ್ಡು ಯಾವ ಊರಿನದು ಎಂಬುದು ನಕ್ಷೆ ಬರೆಯುವ ಮೊದಲೇ ಕಾಗದದ ಮೇಲೆ ಬರಬೇಕು.

ಮೊದಲು ನೀರಿನ ಮಟ್ಟ. ಸೊಮರ್‌ವಿಲ್ ಮತ್ತು ಎವರೆಟ್ ನಡುವೆ 1966ರಲ್ಲಿ ಕಟ್ಟಿದ ಅಮೇಲಿಯಾ ಇಯರ್‌ಹಾರ್ಟ್ ಅಣೆಕಟ್ಟಿದೆ. ಅದರ ಕೆಳಗೆ ಸಮುದ್ರದ ಉಪ್ಪುನೀರು, ಮೇಲೆ ಸಿಹಿನೀರು. ಕೆಳಗಡೆ ಉಬ್ಬರ-ಇಳಿತದ ಅಂತರ ಸುಮಾರು 3 ಮೀಟರ್. ಮಂಗಳೂರಿನ ಬಂದರಿನಲ್ಲಿ ಸಾಮಾನ್ಯ ದಿನ ಇದರ ಅರ್ಧದಷ್ಟೂ ಇರುವುದಿಲ್ಲ. ಮೇಲ್ಗಡೆ ಮಟ್ಟ ಬಹುತೇಕ ಸ್ಥಿರ. ದೊಡ್ಡ ಮಳೆಗೆ ಮುನ್ನ ಅಣೆಕಟ್ಟಿನವರು ನೀರನ್ನು ಇಳಿಸುತ್ತಾರೆ, ಮಳೆ ಬಂದಾಗ ಅದು ಏರುತ್ತದೆ, ಅಷ್ಟೇ. ಈ ಒಂದು ಗೋಡೆಯ ಯಾವ ಬದಿಯಲ್ಲಿದ್ದೀರಿ ಎಂಬುದರ ಮೇಲೆ ಇಡೀ ವಿನ್ಯಾಸ ನಿಂತಿದೆ.

ಯಾಕೆಂದರೆ ದಡದಿಂದ ಜೆಟ್ಟಿಗೆ ಇಳಿಯುವ ಗ್ಯಾಂಗ್‌ವೇ ಗಾಲಿಕುರ್ಚಿಗೂ ಒಗ್ಗಬೇಕು. ಅಂಗವಿಕಲರ ಹಕ್ಕಿನ ಕಾನೂನಿನಡಿ ಬಂದ 2010ರ ಮಾನದಂಡದ ಪ್ರಕಾರ ಇಳಿಜಾರು 1:12 ಮೀರಬಾರದು. ಆದರೆ ಗ್ಯಾಂಗ್‌ವೇ 80 ಅಡಿ, ಅಂದರೆ ಸುಮಾರು 24 ಮೀಟರ್ ಉದ್ದವಿದ್ದರೆ ಅದಕ್ಕಿಂತ ಕಡಿದಾದರೂ ಒಪ್ಪುತ್ತಾರೆ. ಅಣೆಕಟ್ಟಿನ ಮೇಲೆ ದಡಕ್ಕೂ ಜೆಟ್ಟಿಗೂ 1 ಮೀಟರ್ ಅಂತರವಿದ್ದರೆ 12 ಮೀಟರ್ ಗ್ಯಾಂಗ್‌ವೇ ಸಾಕು. ಕೆಳಗೆ, ಇಳಿತದ ಹೊತ್ತಿಗೆ ಅಂತರ ಮೂರೂವರೆ ಮೀಟರ್ ಆಗುತ್ತದೆ. 1:12ರ ಲೆಕ್ಕ ಹಿಡಿದರೆ 42 ಮೀಟರ್ ಬೇಕು. 24 ಮೀಟರಿಗೆ ನಿಲ್ಲಿಸಿದರೆ ಇಳಿಜಾರು 1:7ಕ್ಕೆ ಬರುತ್ತದೆ. ಕಾನೂನು ಒಪ್ಪಿದರೂ ಒದ್ದೆ ದಿನ ಅದರ ಮೇಲೆ ಗಾಲಿಕುರ್ಚಿ ತಳ್ಳುವುದು ಕಷ್ಟ. ಕಯಾಕಿನವರಿಗಾಗಿಯೇ ಕಟ್ಟುವುದಾದರೆ ಅಣೆಕಟ್ಟಿನ ಮೇಲೆಯೇ ಜಾಗ ಹುಡುಕುವುದು ವಿವೇಕ.

ತೇಲುವ ತುಂಡುಗಳ ಅಗಲವನ್ನು ನದಿಯಷ್ಟೇ ರಸ್ತೆಯೂ ತೀರ್ಮಾನಿಸುತ್ತದೆ. ಇಲ್ಲಿ ಲಾರಿಯ ಮೇಲೆ ಎಂಟೂವರೆ ಅಡಿಗಿಂತ (ಸುಮಾರು 2.6 ಮೀಟರ್) ಅಗಲದ ಸರಕಿಗೆ ಪ್ರತಿ ಸಲ ವಿಶೇಷ ಪರವಾನಗಿ ಬೇಕು. ಆದ್ದರಿಂದ 2.4 ಮೀಟರ್ ಅಗಲ, 3 ಮೀಟರ್ ಉದ್ದದ ತುಂಡುಗಳು ಅನುಕೂಲ. ಐದು ಜೋಡಿಸಿದರೆ 36 ಚದರ ಮೀಟರ್. ಅಡಿಯಲ್ಲಿ ಪ್ಲಾಸ್ಟಿಕ್ ಚಿಪ್ಪಿನೊಳಗೆ ಫೋಮ್ ತುಂಬಿದ ತೇಲುಡಬ್ಬಿಗಳು. ಬರಿಯ ಥರ್ಮೋಕೋಲ್ ಬಿಟ್ಟರೆ ಪುಡಿಯಾಗಿ ನದಿ ತುಂಬುತ್ತದೆ, ಅದನ್ನು ಹಾಕಲೇಬಾರದು.

ಡಬ್ಬಿಗಳು 24 ಚದರ ಮೀಟರ್ ಆವರಿಸಿದ್ದರೆ ಜೆಟ್ಟಿ 1 ಸೆಂ.ಮೀ. ಮುಳುಗಲು 240 ಕಿಲೋ ಭಾರ ಬೇಕು. 30 ಜನ ಸಮನಾಗಿ ಹರಡಿ ನಿಂತರೆ, ತಲಾ 70 ಕಿಲೋದಂತೆ, ಸುಮಾರು 9 ಸೆಂ.ಮೀ. ಇಳಿಯುತ್ತದೆ. ಕಯಾಕಿಗೆ ಜೆಟ್ಟಿಯ ಅಂಚು ನೀರಿನಿಂದ 15ರಿಂದ 20 ಸೆಂ.ಮೀ. ಎತ್ತರವಿದ್ದರೆ ಹತ್ತಿ ಇಳಿಯಲು ಸಲೀಸು, ಹಾಗಾಗಿ ಈ ಲೆಕ್ಕದಲ್ಲಿ ಪರವಾಗಿಲ್ಲ ಎನ್ನಿಸುತ್ತದೆ. ಆದರೆ ಜನ ಸಮನಾಗಿ ಹರಡಿ ನಿಲ್ಲುವುದಿಲ್ಲ. ದೋಣಿಯೋಟ ನೋಡಲು ಎಲ್ಲರೂ ಒಂದೇ ಅಂಚಿಗೆ ಬಂದರೆ ಆ ಬದಿ ನೀರಿಗೆ ತಾಗುತ್ತದೆ. ಇದಕ್ಕಿಂತ ಹೆಚ್ಚು ಕಡೆ ಕಾಣುವ ದೋಷ ಇನ್ನೊಂದು: ಗ್ಯಾಂಗ್‌ವೇಯ ಅರ್ಧ ಭಾರ ಅದು ಬಂದು ಕೂರುವ ತುಂಡಿನ ಮೇಲೆಯೇ ಬೀಳುತ್ತದೆ. 1,200 ಕಿಲೋದ ಗ್ಯಾಂಗ್‌ವೇ ಆದರೆ 600 ಕಿಲೋ. ಅದರಡಿ ಹೆಚ್ಚುವರಿ ಡಬ್ಬಿ ಕೊಡದಿದ್ದರೆ ಮೊದಲ ದಿನದಿಂದಲೇ ಆ ಮೂಲೆ ತಗ್ಗಿ, ಮಳೆನೀರು ನಿಂತು, ಪಾಚಿ ಕಟ್ಟಿ ಜಾರುತ್ತದೆ. ಅಲ್ಲಿ ಎರಡು ತುಂಡುಗಳನ್ನು ಅಕ್ಕಪಕ್ಕ ಜೋಡಿಸುವುದು ಒಳ್ಳೆಯ ಪರಿಹಾರ. ಗಾಲಿಕುರ್ಚಿ ತಿರುಗಿಸಲೂ ಜಾಗ ಸಿಗುತ್ತದೆ.

ಜೆಟ್ಟಿಯನ್ನು ಹಿಡಿದಿಡುವುದು ಉಕ್ಕಿನ ಪೈಲ್‌ಗಳು, ಅಂದರೆ ನದಿಯ ತಳಕ್ಕೆ ಬಡಿದಿಳಿಸಿದ ಉದ್ದ ಕಂಬಗಳು. ಅವುಗಳ ಸುತ್ತ ಉರುಳೆಯಿರುವ ಬಳೆ, ನೀರು ಏರಿಳಿದಂತೆ ಬಳೆಯೂ ಜಾರುತ್ತದೆ. ಪೈಲ್‌ನ ತುದಿ ನೂರು ವರ್ಷದ ಪ್ರವಾಹಮಟ್ಟಕ್ಕಿಂತ (ಯಾವುದೇ ವರ್ಷ ಬರುವ ಸಾಧ್ಯತೆ ನೂರಕ್ಕೆ ಒಂದರಷ್ಟಿರುವ ನೆರೆಯ ಮಟ್ಟ) ಕನಿಷ್ಠ ಅರ್ಧ ಮೀಟರ್ ಮೇಲಿರಲಿ. ಇಲ್ಲದಿದ್ದರೆ ನೆರೆ ಬಂದ ದಿನ ಬಳೆ ತುದಿ ದಾಟಿ, ಇಡೀ ಜೆಟ್ಟಿ ತೇಲಿಹೋಗಿ ಕೆಳಗಿನ ಊರಿನ ಸೇತುವೆಗೆ ಬಡಿಯುತ್ತದೆ. ತಳದಲ್ಲಿ ಮೆತ್ತನೆ ಹೂಳು, ಅದರಡಿ ಇಲ್ಲಿನ ಎಂಜಿನಿಯರುಗಳಿಗೆಲ್ಲ ಗೊತ್ತಿರುವ ಬಾಸ್ಟನ್ ನೀಲಿ ಜೇಡಿ. ಮಣ್ಣು ಕೊರೆದು ನೋಡದೆ ಪೈಲ್‌ನ ಉದ್ದ ಹೇಳುವಂತಿಲ್ಲ. ಮಾಲ್ಡನ್ ಹೊಳೆಯ ಹೂಳಿನಲ್ಲಿ ಹಳೆಯ ಕಾರ್ಖಾನೆಗಳ ವಿಷವೂ ಇದೆ. ಅಲ್ಲಿ ಹೂಳೆತ್ತಲು ಹೊರಟರೆ ಖರ್ಚು ಜೆಟ್ಟಿಯದ್ದಕ್ಕಿಂತ ಎಷ್ಟೋ ಪಟ್ಟು ಏರುತ್ತದೆ. ಗ್ಯಾಂಗ್‌ವೇ ಉದ್ದ ಮಾಡಿ ಆಳದ ನೀರು ಮುಟ್ಟುವುದೇ ಮೇಲು.

ಆದರೆ ಎಷ್ಟು ದೂರ ಚಾಚಬಹುದು? ಅಮೆರಿಕ ಸೇನೆಯ ಎಂಜಿನಿಯರ್ ದಳ ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ಬಾಸ್ಟನ್ ಸೇರಿದ ಈಶಾನ್ಯದ ರಾಜ್ಯಗಳಲ್ಲಿ, ಅನುಸರಿಸುವ ಮಾರ್ಗಸೂಚಿಯಂತೆ ನದಿಯ ಅಗಲದ ಕಾಲುಭಾಗ ಮೀರಬಾರದು. ಎದುರು ದಡಕ್ಕೂ ಅಷ್ಟೇ ಹಕ್ಕು, ನಡುವಿನ ಅರ್ಧ ಸಂಚಾರಕ್ಕೆ. ಇದು ನ್ಯಾಯವಾದ ನಿಯಮ ಎಂದೇ ನಮ್ಮ ಅಭಿಪ್ರಾಯ. ನೀವು ಮೊದಲು ಕಟ್ಟಿದಿರಿ ಎಂದು ಎದುರೂರಿನ ಪಾಲು ಕರಗುವುದಿಲ್ಲ.

ಪರವಾನಗಿಗಳು ಮೂರು ಹಂತದವು. ಕೇಂದ್ರದ್ದು ಈ ಎಂಜಿನಿಯರ್ ದಳದಿಂದ. ರಾಜ್ಯದ್ದು 1866ರಷ್ಟು ಹಿಂದಿನ ಬೇರಿರುವ, 'ಅಧ್ಯಾಯ 91' ಎಂದು ಎಲ್ಲರೂ ಕರೆಯುವ ಜಲತೀರ ಕಾನೂನಿನಡಿ. ಊರಿನದು ಪರಿಸರ ಸಂರಕ್ಷಣಾ ಆಯೋಗದಿಂದ: ಅರ್ಜಿ ಬಂದ 21 ದಿನಗಳೊಳಗೆ ಸಾರ್ವಜನಿಕ ವಿಚಾರಣೆ ಶುರುವಾಗಬೇಕು, ಸಿಕ್ಕ ಆದೇಶಕ್ಕೆ ಸಾಮಾನ್ಯವಾಗಿ 3 ವರ್ಷ ಆಯುಸ್ಸು. 100 ಅಡಿಯೊಳಗಿನ ಜಮೀನಿನವರಿಗೆಲ್ಲ ನೋಟಿಸ್ ಕೊಡಬೇಕು, ಅವರು ಬೇರೆ ಊರಿನವರಾದರೂ, ನೀರಿನ ಆಚೆ ಇದ್ದರೂ ಸರಿ. ಇದನ್ನು ಮರೆತರೆ ವಿಚಾರಣೆ ಮೊದಲಿನಿಂದ ಶುರು. ಕೆಲಸ ಗಡಿ ದಾಟಿದರೆ ಎರಡೂ ಊರಿನ ಆಯೋಗಗಳಿಗೆ ಅರ್ಜಿ. ದಡದ ಉದ್ಯಾನ ಬಹಳ ಕಡೆ ರಾಜ್ಯದ ಉದ್ಯಾನ ಇಲಾಖೆಯದು, ಹಾಗಾದರೆ ಅವರ ಒಪ್ಪಿಗೆಯೂ ಬೇಕು. ಕಡಲಿನಿಂದ ಹೆರಿಂಗ್ ಮೀನು ಮೊಟ್ಟೆಯಿಡಲು ಮೇಲೇರುವ ವಸಂತದಲ್ಲಿ ಪೈಲ್ ಬಡಿಯಲು ಬಿಡುವುದಿಲ್ಲ. ಹೀಗಾಗಿ ಪರವಾನಗಿ ಮಾರ್ಚಿನಲ್ಲಿ ಕೈಗೆ ಬಂದರೆ ಕೆಲಸ ಬೇಸಿಗೆಯ ನಡುವಿಗೆ ಜಾರುತ್ತದೆ.

ಎರಡು ಊರುಗಳು ಸೇರಿ ನಡೆಸಲು ರಾಜ್ಯದ ಕಾನೂನಿನ 40ನೇ ಅಧ್ಯಾಯದ 4ಎ ವಿಧಿ ದಾರಿ ಕೊಡುತ್ತದೆ. ಒಪ್ಪಂದ 25 ವರ್ಷದವರೆಗೂ ಇರಬಹುದು. ಅದರಲ್ಲಿ ಬರೆಯಬೇಕಾದದ್ದು ಆದರ್ಶಗಳಲ್ಲ, ಕೆಲಸಗಳು. ಹಿಮ ಬೀಳುವ ಮೊದಲು ತುಂಡುಗಳನ್ನು ಬಿಚ್ಚಿ ಎತ್ತುವ ಕ್ರೇನ್ ಯಾರದು? ನದಿ ಹೆಪ್ಪುಗಟ್ಟಿದಾಗ ಮಂಜುಗಡ್ಡೆ ಪೈಲ್ ಹಿಡಿದು, ನೀರು ಏರಿದಂತೆ ಅದನ್ನೇ ಮೇಲಕ್ಕೆಳೆಯುತ್ತದೆ. ಪೈಲ್ ಎಷ್ಟು ಮೇಲೆದ್ದಿದೆ ಎಂದು ವಸಂತದಲ್ಲಿ ಅಳೆದು ನೋಡುವವರು ಯಾರು? ವಿಮೆ ಯಾರ ಹೆಸರಲ್ಲಿ? ಗಡಿ ನೀರಿನ ನಡುವೆ ಇರುವುದರಿಂದ ತುರ್ತು ಸಹಾಯದ ಸಂಖ್ಯೆ 911ಕ್ಕೆ ಬಂದ ಕರೆ ಯಾವ ಅಗ್ನಿಶಾಮಕ ದಳಕ್ಕೆ ಹೋಗಬೇಕು? ಜೆಟ್ಟಿಗೊಂದು ಸಂಖ್ಯೆ ಕೊಟ್ಟು ದೊಡ್ಡ ಫಲಕ ಹಾಕಿ, ಎರಡೂ ಊರಿನ ದಳಗಳಿಗೆ ಆ ಸಂಖ್ಯೆ ಮೊದಲೇ ತಿಳಿಸಿದರೆ ಮುಳುಗುತ್ತಿರುವವರ ಪಾಲಿಗೆ ನಿಮಿಷಗಳು ಉಳಿಯುತ್ತವೆ.

ಅದೇ ಫಲಕದಲ್ಲಿ ಚರಂಡಿ ನೀರಿನ ಎಚ್ಚರಿಕೆಗೂ ಜಾಗವಿರಲಿ. ಜೋರು ಮಳೆಗೆ ಹಳೆಯ ಕೊಳವೆಗಳಲ್ಲಿ ಮಳೆನೀರೂ ಮಲಿನ ನೀರೂ ಒಟ್ಟಿಗೆ ಉಕ್ಕಿ ಏಲ್‌ವೈಫ್ ಹಳ್ಳದ ಮೂಲಕ ಮಿಸ್ಟಿಕ್ ಸೇರುತ್ತವೆ. ಕೊಳವೆ ಕೇಂಬ್ರಿಜ್, ಸೊಮರ್‌ವಿಲ್ ಕಡೆಯದು, ನಾತ ಆರ್ಲಿಂಗ್ಟನ್ನಿಗೂ. ಅಂಥ ಮಳೆಯಾದ ಮೇಲೆ ಎರಡು ದಿನ ನೀರು ಮುಟ್ಟದಿರುವುದು ಕ್ಷೇಮ.

ಬೇಸಿಗೆಯಲ್ಲಿ ಜೆಟ್ಟಿಯ ಸುತ್ತ ಮುಳ್ಳುಕಾಯಿಯ ಜಲಸಸ್ಯ ದಟ್ಟವಾಗಿ ಹಬ್ಬುತ್ತದೆ. ನಮ್ಮಲ್ಲಿ ಉಪವಾಸಕ್ಕೆ ತಿನ್ನುವ ಶಿಂಗಾಡದ ಕುಲವೇ, ಇಲ್ಲಿ ಮಾತ್ರ ಹೊರಗಿನಿಂದ ಬಂದ ಕಳೆ. ಕಾಯಿ ಬಲಿತು ಉದುರುವ ಮುನ್ನ, ಜೂನ್-ಜುಲೈಯಲ್ಲಿ, ದೋಣಿಯಲ್ಲಿ ಹೋಗಿ ಬೇರುಸಮೇತ ಕೀಳಬೇಕು. ಬಿದ್ದ ಕಾಯಿ ಹೂಳಿನಲ್ಲಿ ಹನ್ನೆರಡು ವರ್ಷದವರೆಗೂ ಬದುಕಬಲ್ಲದು. 1972ರಿಂದ ಇರುವ ಮಿಸ್ಟಿಕ್ ನದಿ ಜಲಾನಯನ ಸಂಘ ಇದಕ್ಕೆ ಸ್ವಯಂಸೇವಕರನ್ನು ಸೇರಿಸುತ್ತದೆ. ಈ ಕಡೆ ನೆಲೆಸಿರುವ ಕನ್ನಡಿಗರು ಒಂದು ಶನಿವಾರ ಹೋಗಿ ಬರಬಹುದು. ಈಜು ಬರದಿದ್ದರೂ ಲೈಫ್ ಜಾಕೆಟ್ ತೊಟ್ಟು ದಡದ ಕೆಲಸಕ್ಕೆ ಕೈಜೋಡಿಸಬಹುದು.