ಅಪ್ಪ ಮತ್ತು ಪ್ಯೂಜೆಟ್ ಸೌಂಡ್

ಅಮೆರಿಕದ ಸಿಯಾಟಲ್ ಊರಿಗೆ ತಾಗಿಕೊಂಡೇ ಇರುವ ಸಮುದ್ರದ ಹೆಸರು ಪ್ಯೂಜೆಟ್ ಸೌಂಡ್. ಇಲ್ಲಿಗೆ ಬಂದ ಮೇಲೆ ಈ ಹೆಸರು ದಿನವೂ ಕಿವಿಗೆ ಬೀಳುತ್ತದೆ. ಹವಾಮಾನ ವರದಿಯಲ್ಲಿ, ರೇಡಿಯೊದಲ್ಲಿ, ಅಂಗಡಿಗಳ ಬೋರ್ಡಿನಲ್ಲಿ, ಎಲ್ಲೆಲ್ಲೂ ಸೌಂಡ್. ದಿನಾ ಕೇಳುವ ಹೆಸರನ್ನು ಯಾರೂ ತಿರುಗಿಸಿ ನೋಡುವುದಿಲ್ಲ, ಅಲ್ವಾ? ತಿರುಗಿಸಿ ನೋಡಿದ್ದು ನಮ್ಮ ಅಪ್ಪ.

ಅಪ್ಪ ಮಲ್ಪೆಯಲ್ಲಿ ತಾಂಡೇಲರಾಗಿದ್ದವರು. ಬೋಟು ಓಡಿಸುವುದು, ಬಲೆ ಎಲ್ಲಿ ಬಿಡಬೇಕು ಅಂತ ತೀರ್ಮಾನಿಸುವುದು, ಜೊತೆಯಲ್ಲಿರುವ ಕಲಾಸಿಗಳನ್ನೆಲ್ಲ ಜೋಪಾನವಾಗಿ ದಡಕ್ಕೆ ತರುವುದು ತಾಂಡೇಲನ ಕೆಲಸ. ಈಗ ಬೋಟು ತಮ್ಮನ ಕೈಯಲ್ಲಿದೆ. ಜೂನ್, ಜುಲೈ ಮೀನುಗಾರಿಕೆಗೆ ರಜೆ. ಆ ರಜೆಯಲ್ಲಿ ಅಮ್ಮನ ಜೊತೆ ಇಲ್ಲಿಗೆ ಬಂದವರನ್ನು ಆಗಸ್ಟ್ ಮುಗಿಯುವವರೆಗೆ ಇರಿ ಅಂತ ನಾನೇ ಉಳಿಸಿಕೊಂಡಿದ್ದೆ. ಮನೆಯಲ್ಲಿ ಕೂತು ಅವರಿಗೆ ಬೇಜಾರಾಗಿತ್ತು. ಒಂದು ಭಾನುವಾರ, ಬೈನ್‌ಬ್ರಿಜ್ ದ್ವೀಪಕ್ಕೆ ಫೆರಿಯಲ್ಲಿ ಹೋಗಿ ಬರೋಣ ಅಂದೆ. ಬೋಟು ಹತ್ತಿದರೆ ಅಮ್ಮನಿಗೆ ತಲೆ ತಿರುಗುತ್ತದೆ, ಅವರು ಬರಲಿಲ್ಲ. ಅಪ್ಪ ಮಾತ್ರ ನನಗಿಂತ ಮೊದಲೇ ಚಪ್ಪಲಿ ಹಾಕಿ ನಿಂತಿದ್ದರು.

ಕೆಳಗೆ ಸಾಲಾಗಿ ಕಾರುಗಳು ಹತ್ತುವ ದೊಡ್ಡ ಫೆರಿ ಅದು. ಆಚೆ ದಡಕ್ಕೆ 35 ನಿಮಿಷ. ಮೇಲಿನ ಡೆಕ್ಕಿನಲ್ಲಿ ಗಾಳಿಗೆ ಮುಖ ಕೊಟ್ಟು ನಿಂತಿದ್ದ ಅಪ್ಪ, ಗೋಡೆಯ ಮೇಲಿನ ಮ್ಯಾಪಿನಲ್ಲಿ ಹೆಸರು ಓದಿ ನನ್ನ ಕಡೆ ತಿರುಗಿದರು. ಮನೆಯಲ್ಲಿ ನಮ್ಮದು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದೆಂತ ಮಗಾ, ಸಮುದ್ರಕ್ಕೆ ಸೌಂಡ್ ಅಂತ ಹೆಸರು? ನಮ್ಮ ಸಮುದ್ರದ ಅರ್ಧ ಗಲಾಟೆಯೂ ಇಲ್ಲ ಇಲ್ಲಿ."

ಮಾತು ನಿಜ. ಮಳೆಗಾಲದ ಮಲ್ಪೆಯಲ್ಲಿ ಅಲೆಯ ಮೊರೆತ ಮನೆಯೊಳಗೆ ಬಂದು ಮಲಗಲು ಬಿಡುವುದಿಲ್ಲ. ಇಲ್ಲಿಯ ನೀರು ಸುಮ್ನೆ ಇರುತ್ತದೆ. ನಾನು ಫೋನ್ ತೆಗೆದು ನಿಘಂಟು ನೋಡಿದೆ. ಆ ದಿನವಿಡೀ ನಾವಿಬ್ಬರೂ ಈ ಒಂದು ಪದದ ಬೆನ್ನು ಹತ್ತಿದ್ದು ಹಾಗೆ.

ಈ ಸೌಂಡ್‌ಗೂ ಶಬ್ದಕ್ಕೂ ಸಂಬಂಧವೇ ಇಲ್ಲ. ಇದು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆ ಮತ್ತು ಹಳೆಯ ಇಂಗ್ಲಿಷಿನ ಸುಂಡ್ ಎಂಬ ಪದ. ಈಜು ಅಂತಲೂ ಅರ್ಥ, ಎರಡು ನೆಲಗಳ ನಡುವಿನ ಇಕ್ಕಟ್ಟಾದ ಸಮುದ್ರ ಅಂತಲೂ ಅರ್ಥ. ಡೆನ್ಮಾರ್ಕ್ ಮತ್ತು ಸ್ವೀಡನ್ ನಡುವಿನ ಓರೆಸುಂಡ್‌ನಲ್ಲಿ ಇರುವುದೂ ಇದೇ ಸುಂಡ್. 1792ರಲ್ಲಿ ಬ್ರಿಟಿಷ್ ಕ್ಯಾಪ್ಟನ್ ಜಾರ್ಜ್ ವ್ಯಾಂಕೂವರ್ ಡಿಸ್ಕವರಿ ಹಡಗಿನಲ್ಲಿ ಇಲ್ಲಿಗೆ ಬಂದ. ದಕ್ಷಿಣದ ಕವಲುಗಳನ್ನು ಸಣ್ಣ ದೋಣಿಗಳಲ್ಲಿ ಹೋಗಿ ನೋಡಿ ಬಂದ ತನ್ನ ಲೆಫ್ಟಿನೆಂಟ್ ಪೀಟರ್ ಪ್ಯೂಜೆಟ್‌ನ ಹೆಸರನ್ನು ಆ ಭಾಗಕ್ಕೆ ಇಟ್ಟ. ಆಮೇಲೆ ಇಡೀ ನೀರಿಗೆ ಅದೇ ಹೆಸರಾಯಿತು. ಅಪ್ಪ ಕೇಳಿದ ಮೊದಲ ಪ್ರಶ್ನೆ, "ಅದಕ್ಕೆ ಮುಂಚೆ ಇಲ್ಲಿ ಮೀನು ಹಿಡಿಯುವವರು ಇರಲಿಲ್ವಾ?" ಇದ್ದರು. ಲುಶೂಟ್‌ಸೀಡ್ ಭಾಷೆಯ ಜನ ಈ ನೀರನ್ನು ಕರೆಯುವ ಹೆಸರು ಇಂಗ್ಲಿಷಿನವರ ಬಾಯಲ್ಲಿ ವುಲ್ಜ್ ಆಗಿದೆ. ಉಪ್ಪು ನೀರು, ಸಮುದ್ರ ಅಂತ ಅದರ ಅರ್ಥ. ಅಪ್ಪ ತಲೆಯಾಡಿಸಿದರು. ಆ ಹೆಸರು ಅವರಿಗೆ ಸರಿ ಕಂಡಿತು. ನನಗೂ ಅದೇ ಹೆಚ್ಚು ಇಷ್ಟ.

ಫೆರಿ ದ್ವೀಪದ ಹತ್ತಿರ ಬಂದಾಗ ದಡದ ಮನೆಗಳು ಕಾಣಿಸಿದವು. ದೊಡ್ಡ ದೊಡ್ಡ ಗಾಜಿನ ಕಿಟಕಿ, ಕೆಲವು ಮನೆಗೆ ಸ್ವಂತ ಜೆಟ್ಟಿ, ಜೆಟ್ಟಿಗೆ ಕಟ್ಟಿದ ಬಿಳಿ ಬೋಟು. "ಇವರೆಲ್ಲ ಒಳ್ಳೆ ಸೌಂಡ್ ಪಾರ್ಟಿಗಳೇ ಇರಬೇಕು" ಅಂದರು ಅಪ್ಪ. ನಾನು ಅವರ ತೋಳು ಹಿಡಿದು ನಿಲ್ಲಿಸಿದೆ. ಅಪ್ಪಾ, ಈಗ ನೀವು ಹೇಳಿದ್ದು ಮತ್ತೊಂದು ಸೌಂಡ್!

ನಮ್ಮ ಕಡೆ ದುಡ್ಡಿರುವವರನ್ನು ಸೌಂಡ್ ಪಾರ್ಟಿ ಅನ್ನುವುದು ಮಾಮೂಲಿ. ದುಡ್ಡು ಸದ್ದು ಮಾಡುತ್ತದೆ, ಅದಕ್ಕೇ ಹಾಗೆ ಅನ್ನುತ್ತಾರೆ ಅಂತ ನಾನು ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ. ಅದೂ ಅಲ್ಲ. ಈ ಸೌಂಡ್ ಬಂದಿದ್ದು ಹಳೆಯ ಇಂಗ್ಲಿಷಿನ ಗೆಸುಂಡ್‌ನಿಂದ. ಗಟ್ಟಿಮುಟ್ಟಾದ, ಊನವಿಲ್ಲದ, ಆರೋಗ್ಯವಾದ ಅಂತ ಅರ್ಥ. ಜರ್ಮನರು ಯಾರಾದರೂ ಸೀನಿದರೆ ಗೆಸುಂಡ್‌ಹೈಟ್ ಅನ್ನುವುದೂ ಇದೇ ಬೇರಿನದು. ಸೌಂಡ್ ಸ್ಲೀಪ್ ಅಂದರೆ ಸದ್ದಿನ ನಿದ್ದೆಯಲ್ಲ, ಮುಕ್ಕಾಗದ ನಿದ್ದೆ. ಹಣಕಾಸಿನಲ್ಲಿ ಸೌಂಡ್ ಅಂದರೆ ಎಲ್ಲೂ ಬಿರುಕಿಲ್ಲದವನು. ಅಪ್ಪ ಇದನ್ನು ಬೋಟಿನ ಲೆಕ್ಕದಲ್ಲೇ ಹಿಡಿದರು. "ನೀರು ಒಳಗೆ ಬರದ ಬೋಟು ಅನ್ನು" ಅಂದರು. ಇಂಗ್ಲಿಷಿನಲ್ಲೂ ಹಡಗಿನ ಅಡಿ ಸೌಂಡ್ ಆಗಿದೆ ಅಂದರೆ ಅದೇ ಅರ್ಥ.

ಇನ್ನು ಸದ್ದಿನ ಸೌಂಡ್. ಅದು ಲ್ಯಾಟಿನ್ನಿನ ಸೋನುಸ್‌ನಿಂದ ಫ್ರೆಂಚ್ ದಾರಿಯಲ್ಲಿ ಬಂದಿದೆ. ಮೊದಲು ಅದು ಸೂನ್ ಆಗಿತ್ತು, ಕೊನೆಯ ಡಕಾರ ಆಮೇಲೆ ಅಂಟಿಕೊಂಡಿತು. ಸಂಸ್ಕೃತದ ಸ್ವನ ಈ ಸೋನುಸ್‌ನ ದಾಯಾದಿ. ವ್ಯಾಕರಣದವರು ಹೇಳುವ ಸ್ವನಿಮದಲ್ಲಿ ಇರುವ ಸ್ವನವೇ ಅದು. ನಮ್ಮವರು ಈ ಸೌಂಡನ್ನು ಎಷ್ಟು ಒಗ್ಗಿಸಿಕೊಂಡಿದ್ದಾರೆ ಅಂದರೆ, ಕ್ಲಾಸಿನಲ್ಲಿ ಸೌಂಡ್ ಮಾಡಬೇಡಿ, ಅವನದ್ದು ಸೌಂಡ್ ಜಾಸ್ತಿ ಆಯ್ತು, ಹೊಸ ಸಿನಿಮಾ ಗಾಂಧಿನಗರದಲ್ಲಿ ಸೌಂಡ್ ಮಾಡುತ್ತಿದೆ, ಹೀಗೆ ಒಂದೊಂದು ಕಡೆ ಒಂದೊಂದು ಅರ್ಥ. ಕೊನೆಯದನ್ನು ಇಂಗ್ಲಿಷಿನವರಿಗೆ ಹೇಳಿದರೆ ತಿಳಿಯುವುದೇ ಇಲ್ಲ. ಅದು ನಾವೇ ಮಾಡಿಕೊಂಡಿದ್ದು, ಚೆನ್ನಾಗಿಯೇ ಇದೆ.

ಫೆರಿಯಿಂದ ಇಳಿದು ವಿನ್‌ಸ್ಲೋ ಪೇಟೆಯಲ್ಲಿ ಕಾಫಿ ಕುಡಿಯಲು ಕೂತೆವು. ಗೋಡೆಯ ಮೇಲೆ ಚೌಕಟ್ಟು ಹಾಕಿದ ಹಳೆಯ ನೌಕಾ ನಕ್ಷೆ ಇತ್ತು. ನೀರಿನ ತುಂಬ ಸಣ್ಣ ಸಣ್ಣ ಅಂಕಿ. ಅಪ್ಪ ಕಾಫಿ ಬಿಟ್ಟು ಎದ್ದು ಹೋದರು. ಕನ್ನಡಕ ಹಣೆಗೇರಿಸಿ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತರು. ಮೂಲೆಯಲ್ಲಿ ಸೌಂಡಿಂಗ್ಸ್ ಇನ್ ಫ್ಯಾದಮ್ಸ್ ಅಂತ ಅಚ್ಚಾಗಿತ್ತು. ನಾನು ಅರ್ಥ ಹೇಳುವ ಮೊದಲೇ ಅವರು ಹೇಳಿಬಿಟ್ಟರು, "ಇದು ಆಳ. ಫ್ಯಾದಮ್ ಅಂದರೆ ನಮ್ಮ ಮಾರು."

ಹೇಳಿ ಎರಡೂ ಕೈ ಚಾಚಿದರು. ಬಲಗೈಯ ಬೆರಳ ತುದಿಯಿಂದ ಎಡಗೈಯ ಬೆರಳ ತುದಿಯವರೆಗೆ ಒಂದು ಮಾರು. ಆಮೇಲೆ ಇಲ್ಲದ ಹಗ್ಗವೊಂದನ್ನು ಎದೆಯ ಮುಂದೆ ಎಳೆದು, ಕೈ ಬದಲಿಸಿ, ಮತ್ತೆ ಚಾಚಿ ತೋರಿಸಿದರು. ಒಂದು, ಎರಡು, ಮೂರು. ಹಗ್ಗ ಎಳೆದು ಎಳೆದು ಅವರ ಬೆರಳ ಗಂಟುಗಳು ದಪ್ಪಗಾಗಿವೆ, ಅಂಗೈ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಚಾಚಿದ ಕೈ ಮಾತ್ರ ಗೆರೆ ಎಳೆದ ಹಾಗೆ ನೇರ. ಇಂಗ್ಲಿಷಿನ ಫ್ಯಾದಮ್ ಕೂಡ ಚಾಚಿದ ತೋಳುಗಳ ಅಳತೆಯೇ, ಆರಡಿ. ಪದ ಬೇರೆ, ಮೈ ಒಂದೇ. ಕೌಂಟರಿನ ಹುಡುಗಿ ನಮ್ಮನ್ನೇ ನೋಡುತ್ತಿದ್ದಳು. ಅಪ್ಪ ಸಮುದ್ರದ ಆಳ ಅಳೆದು ತೋರಿಸುತ್ತಿದ್ದಾರೆ ಅಂದೆ. ಅವಳು ಕೌಂಟರಿನ ಹಿಂದೆ ನಿಂತೇ ತನ್ನ ಕೈ ಚಾಚಿ ನೋಡಿಕೊಂಡಳು.

ಆಳ ಅಳೆಯುವ ಈ ಸೌಂಡ್ ನಾಲ್ಕನೆಯದು, ಫ್ರೆಂಚಿನ ಸೋಂಡೆಯಿಂದ ಬಂದದ್ದು. ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಇಳಿಬಿಟ್ಟು, ತಳ ತಾಗಿದಾಗ ಎಷ್ಟು ಮಾರು ಹೋಯಿತು ಅಂತ ಎಣಿಸುವುದು. ಯುರೋಪಿನ ನಾವಿಕರು ಗುಂಡಿನ ಅಡಿಯ ಗುಳಿಗೆ ಪ್ರಾಣಿಗಳ ಕೊಬ್ಬು ಮೆತ್ತುತ್ತಿದ್ದರು. ತಳದ ಮರಳೋ ಕೆಸರೋ ಅದಕ್ಕೆ ಅಂಟಿ ಮೇಲೆ ಬರುತ್ತಿತ್ತು. ಅಪ್ಪ ಇದನ್ನು ಕೇಳಿ ಖುಷಿಯಾದರು. ನಮ್ಮ ಅಜ್ಜನೂ ಗುಂಡಿಗೆ ಅಂಟಿದ ಕೆಸರನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಆಮೇಲೆ ಬಲೆಯ ವಿಷಯ ಮಾತಾಡುತ್ತಿದ್ದರಂತೆ. ಕೆಸರಿದ್ದರೆ ಸಿಗಡಿಯ ಆಸೆ. ಕಲ್ಲು ತಾಗಿದರೆ ಬಲೆ ಬಿಡುವ ಹಾಗಿಲ್ಲ, ಹರಿದು ಚಿಂದಿಯಾಗುತ್ತದೆ. ಈ ಮಾತನ್ನು ಅಪ್ಪ ಮೊದಲು ನನಗೆ ಹೇಳಿರಲಿಲ್ಲ. ಗೋಡೆಯ ನಕ್ಷೆ ಹೇಳಿಸಿತು.

ಅವರ ಕಾಲಕ್ಕೆ ಬೋಟಿಗೆ ಎಕೋ ಸೌಂಡರ್ ಬಂತು. ಬೋಟಿನವರು ಬರೀ ಎಕೋ ಅನ್ನುತ್ತಾರೆ. ಬೋಟಿನ ಅಡಿಯಿಂದ ಒಂದು ಸದ್ದು ಬಿಟ್ಟು, ಅದು ತಳಕ್ಕೆ ಬಡಿದು ವಾಪಸ್ ಬರಲು ಹಿಡಿದ ಹೊತ್ತಿನಿಂದ ಆಳ ಲೆಕ್ಕ ಹಾಕುವ ಯಂತ್ರ. ಸಮುದ್ರದ ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 75 ಮೀಟರ್, ಅಂದರೆ ಸುಮಾರು 41 ಮಾರು ಆಳವಿದ್ದರೆ ಹೋಗಿ ಬರಲು ಸೆಕೆಂಡಿನ ಹತ್ತರಲ್ಲೊಂದು ಭಾಗ ಸಾಕು. ಯಂತ್ರದ ಹೆಸರಿನ ಸೌಂಡರ್ ಸದ್ದಿನದ್ದಲ್ಲ, ಅಳೆಯುವ ಸೌಂಡ್. ಅಳೆಯುವುದು ಮಾತ್ರ ಸದ್ದಿನಿಂದ. ಸಂಬಂಧವೇ ಇಲ್ಲದ ಎರಡು ಪದಗಳು ಅಪ್ಪನ ಬೋಟಿನ ಅಡಿಯಲ್ಲಿ ಜೊತೆಯಾಗಿದ್ದವು!

ಕೇರಳದ ತುಂಬಾ ಎಂಬ ಊರು ನೆನಪಾಗಿದ್ದು ಆಗ. ಮೀನುಗಾರರ ಆ ಊರಿನಲ್ಲಿ 1963ರ ನವೆಂಬರ್ 21ರಂದು ನಮ್ಮ ನೆಲದಿಂದ ಮೊದಲ ಸೌಂಡಿಂಗ್ ರಾಕೆಟ್ ಹಾರಿತು. ಬಹಳ ಸದ್ದು ಮಾಡುವ ರಾಕೆಟ್ ಇರಬೇಕು ಅಂತ ಎಷ್ಟೋ ಮಕ್ಕಳು ತಿಳಿಯುತ್ತಾರೆ. ಅದೂ ಆಳ ನೋಡುವ ಪದವೇ, ತಿರುಗಿದ್ದು ಮೇಲಕ್ಕೆ ಅಷ್ಟೇ. ವಾತಾವರಣದ ಮೇಲಿನ ಪದರಗಳನ್ನು ಅಳೆಯಲು ಕಳಿಸಿದ ಗುಂಡು ಅದು.

ನಕ್ಷೆಯಲ್ಲಿ ದ್ವೀಪದ ಉತ್ತರಕ್ಕೆ ಬೆರಳಿಟ್ಟು ಅಪ್ಪ ಅಂಕಿಗಳನ್ನು ಮತ್ತೆ ಮತ್ತೆ ಓದುತ್ತಿದ್ದರು. ಈ ಸೌಂಡಿನ ಅತಿ ಆಳದ ಜಾಗ ಅಲ್ಲೇ ಹತ್ತಿರ, 930 ಅಡಿ. 155 ಮಾರು. ದಡದ ಮನೆಯ ದೀಪ ಕಾಣುವಷ್ಟು ಹತ್ತಿರದಲ್ಲಿ 155 ಮಾರು ಆಳ ಅಂದರೆ ಅವರಿಗೆ ನಂಬಲಾಗಲಿಲ್ಲ. ಮಲ್ಪೆಯಲ್ಲಿ ಗಂಟೆಗಟ್ಟಲೆ ಓಡಿಸಿದರೂ ಸಮುದ್ರ ನಿಧಾನಕ್ಕೇ ಇಳಿಯುತ್ತದೆ. ಇಲ್ಲಿ ಹಿಮಯುಗದಲ್ಲಿ, ಈಗಿನ ಸಿಯಾಟಲ್ ಇರುವ ಜಾಗದ ಮೇಲೆ ಸುಮಾರು 900 ಮೀಟರ್ ದಪ್ಪದ ಹಿಮ ಕೂತಿತ್ತು. ನೆಲವನ್ನು ಕೊರೆದದ್ದು ಅದೇ.

ವಾಪಸ್ ಬರುವಾಗ ಫೆರಿ ಇದ್ದಕ್ಕಿದ್ದ ಹಾಗೆ ನಿಧಾನವಾಯಿತು. ಎಲ್ಲರೂ ಒಂದೇ ಬದಿಗೆ ಓಡಿದರು. ದೂರದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲ. ಬೆನ್ನು ಎದ್ದಿತು, ಉಸಿರಿನ ಹಬೆ ಹಾರಿತು, ಆಮೇಲೆ ಬಾಲ ಪೂರ್ತಿ ಮೇಲೆದ್ದು ನೆಟ್ಟಗೆ ಒಳಗೆ ಹೋಯಿತು. ಪಕ್ಕದಲ್ಲಿ ಬೈನಾಕ್ಯುಲರ್ ಹಿಡಿದಿದ್ದ ಹಿರಿಯ ಹೆಂಗಸು ತನ್ನಷ್ಟಕ್ಕೇ ಹೇಳಿಕೊಂಡಳು, "ಶಿ ಸೌಂಡೆಡ್." ತಿಮಿಂಗಿಲ ಆಳಕ್ಕೆ ಮುಳುಗುವುದಕ್ಕೆ ಹಳೆಯ ನಾವಿಕರು ಹೇಳುತ್ತಿದ್ದ ಮಾತು. ಅಪ್ಪ ನನ್ನ ಮುಖ ನೋಡಿದರು. ಅಳೆಯುವ ಸೌಂಡ್ ತಾನೇ, ಅಂತ ಕೇಳಿದರು. ಹೌದು ಅಂದೆ.

ಆ ಹೆಂಗಸು ಇನ್ನೊಂದು ವಿಷಯ ಹೇಳಿದಳು. ಇಲ್ಲಿಯ ಓರ್ಕಾ ತಿಮಿಂಗಿಲಗಳು ಸದ್ದು ಬಿಟ್ಟು ಅದರ ಪ್ರತಿಧ್ವನಿಯಿಂದಲೇ ಸಾಲ್ಮನ್ ಮೀನು ಹುಡುಕುತ್ತವೆ. ಹಡಗುಗಳ ಎಂಜಿನ್ ಸದ್ದಿಗೆ ಅವುಗಳ ಬೇಟೆ ಕೆಡುತ್ತದೆ. ಅದಕ್ಕಾಗಿ 2022ರ ಅಕ್ಟೋಬರ್‌ನಿಂದ ದೊಡ್ಡ ಹಡಗುಗಳು ತಾವಾಗಿಯೇ ವೇಗ ತಗ್ಗಿಸುವ ಕಾರ್ಯಕ್ರಮ ಇಲ್ಲಿ ಶುರುವಾಗಿದೆ. ಅದರ ಹೆಸರು ಕ್ವಯಟ್ ಸೌಂಡ್. ಸದ್ದು ತಗ್ಗಲಿ, ಈ ಸಮುದ್ರ ತಣ್ಣಗಿರಲಿ, ಎರಡೂ ಅದರಲ್ಲಿದೆ. ಅಪ್ಪ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಎಂಜಿನ್ ಸದ್ದಿಗೆ ಬಂಗುಡೆಯ ಗುಂಪು ಚದುರುವುದನ್ನು ಕಣ್ಣಾರೆ ಕಂಡವರು ಅವರು. ವೇಗ ತಗ್ಗಿಸಿದರೆ ಡೀಸೆಲ್ಲೂ ಉಳಿಯುತ್ತದೆ ಅಂದರು.

ರಾತ್ರಿ ಊಟ ಆದ ಮೇಲೆ ಅಪ್ಪ ಮಲ್ಪೆಗೆ ಫೋನ್ ಮಾಡಿದರು. ಅಲ್ಲಿ ಸೋಮವಾರ ಬೆಳಿಗ್ಗೆ, ಬಂದರಿನಲ್ಲಿ ಏಲಂ ಜೋರಾಗಿ ನಡೆದಿತ್ತು. ಆ ಗದ್ದಲದ ಮಧ್ಯೆ ಅವರ ಹಳೆಯ ಜೊತೆಗಾರರಿಗೆ ಅಪ್ಪ ನಾಲ್ಕೂ ಸೌಂಡ್‌ಗಳನ್ನು ಒಂದೂ ಬಿಡದೆ, ಸೀಸದ ಗುಂಡಿನ ಸಮೇತ ವಿವರಿಸಿದರು. 155 ಮಾರಿನ ಮಾತು ಬಂದಾಗ ಆ ಕಡೆಯವರು ನಂಬಲಿಲ್ಲ. ಅಪ್ಪ ದನಿ ಏರಿಸಿ, ನಕ್ಷೆಯಲ್ಲಿ ನಾನೇ ಓದಿದ್ದೇನೆ ಮಾರಾಯಾ ಅಂದರು. ಆಮೇಲೆ ಬಂಗುಡೆ ಎಷ್ಟಕ್ಕೆ ಹೋಯಿತು ಅಂತ ಕೇಳಿದರು.