11 ಇಂಚಿನ ಲೇಸ್ ಕಾಲರ್

ಅಮೆರಿಕದ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಡುಪುಗಳನ್ನು ಪರಿಶೀಲಿಸಿ ದಾಖಲೆ ಬರೆಯುವುದು ನನ್ನ ಕೆಲಸ. ಸೇರಿದ ಮೊದಲ ವರ್ಷ ಅಗಲವಾದ ಲೇಸ್ ಕಾಲರ್ ಒಂದು ನನ್ನ ಮೇಜಿಗೆ ಬಂದಾಗ, ಹಿಂದೆಮುಂದೆ ನೋಡದೆ ಕಾರ್ಡಿನಲ್ಲಿ ‘ಮಹಿಳೆಯ ಕಾಲರ್’ ಎಂದು ಬರೆದುಬಿಟ್ಟೆ. ಅದನ್ನು ಓದಿದ ಹಿರಿಯ ಸಹೋದ್ಯೋಗಿ ಏನೂ ಹೇಳದೆ ಅಳತೆ ಟೇಪನ್ನು ನನ್ನ ಕೈಗಿತ್ತರು. ಕತ್ತಿನ ಅಂಚು ಸರಿಯಾಗಿ 11 ಇಂಚು ಇತ್ತು. ಅದು ದೊಡ್ಡ ಹೆಂಗಸಿನ ಕತ್ತನ್ನು ಸುತ್ತಿ ಬರುವ ಅಳತೆಯಲ್ಲ, ಮಗುವಿನದು.

ಅದೇ ಪೆಟ್ಟಿಗೆಯ ತಳದಲ್ಲಿ, ನಾನು ತೆರೆದೇ ನೋಡದ ಲಕೋಟೆಯೊಳಗೆ, ದಪ್ಪ ರಟ್ಟಿಗೆ ಅಂಟಿಸಿದ ಫೋಟೋ ಇತ್ತು. ಕಪ್ಪು ಮಖಮಲ್ಲಿನ ಕೋಟು, ಮೊಣಕಾಲಿನವರೆಗಿನ ಚಡ್ಡಿ, ಸೊಂಟಕ್ಕೆ ಕಟ್ಟಿದ ರೇಷ್ಮೆ ಪಟ್ಟಿ, ಭುಜಕ್ಕಿಳಿದ ಗುಂಗುರು ಕೂದಲಿನ ಒಬ್ಬ ಹುಡುಗ. ಅವನ ಎದೆಯ ಮೇಲೆ ಹರಡಿದ್ದ ಕಾಲರಿನ ಮೂಲೆಯ ಐದೆಸಳಿನ ಹೂವು ನನ್ನ ಮುಂದಿದ್ದ ಲೇಸಿನಲ್ಲೂ ಇತ್ತು.

ಈ ಉಡುಪನ್ನು ಅಮೆರಿಕದ ಮನೆಮನೆಗೆ ತಲುಪಿಸಿದ್ದು ಫ್ರಾನ್ಸಿಸ್ ಹಾಡ್ಗ್‌ಸನ್ ಬರ್ನೆಟ್ ಅವರ ‘ಲಿಟ್ಲ್ ಲಾರ್ಡ್ ಫಾಂಟ್ಲೆರಾಯ್’. 1885ರ ನವೆಂಬರಿನಿಂದ ‘ಸೇಂಟ್ ನಿಕೋಲಸ್’ ಮಕ್ಕಳ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಥೆ 1886ರಲ್ಲಿ ಪುಸ್ತಕವಾಯಿತು. ಕಥಾನಾಯಕನಿಗೆ ಮಾದರಿಯಾದವನು ಲೇಖಕಿಯ ಮಗ ವಿವಿಯನ್. ರೆಜಿನಾಲ್ಡ್ ಬರ್ಚ್ ಬಿಡಿಸಿದ ಚಿತ್ರಗಳನ್ನು ಕಂಡ ತಾಯಂದಿರು ತಮ್ಮ ಮಕ್ಕಳಿಗೂ ಅಂಥದ್ದನ್ನೇ ಹೊಲಿಸಿದರು. ಹುಡುಗರಿಗೆ ಲೇಸ್ ತೊಡಿಸುವ ರೂಢಿ ಅದಕ್ಕೂ ಮೊದಲೇ ಇತ್ತೆಂಬುದನ್ನು ಮರೆಯಬಾರದು. ಇಂಗ್ಲಿಷ್ ಚಿತ್ರಕಾರ ಗೇನ್ಸ್‌ಬರೊ 1770ರ ಸುಮಾರಿಗೆ ಬರೆದ ‘ಬ್ಲೂ ಬಾಯ್’ ಚಿತ್ರದ ಹುಡುಗ ಇನ್ನೂ ಹಿಂದಿನ ಹದಿನೇಳನೆಯ ಶತಮಾನದ ಶೈಲಿಯ ಲೇಸ್ ಕಾಲರನ್ನೇ ತೊಟ್ಟಿದ್ದಾನೆ. ಲೇಸ್ ಎಂದರೆ ಹೆಣ್ಣಿನದು ಎಂಬ ನನ್ನ ಊಹೆ ನನ್ನ ಕಾಲದ್ದೇ ಹೊರತು ಆ ಮಗುವಿನ ಕಾಲದ್ದಲ್ಲ.

ಭೂತಗನ್ನಡಿ ಹಿಡಿದಾಗ ಇನ್ನಷ್ಟು ಗೊತ್ತಾಯಿತು. ಕೈಲೇಸಿನಲ್ಲಿ ದಾರಗಳು ಒಂದರ ಕೆಳಗೊಂದು ಹಾದುಹೋದ ದಾರಿಯನ್ನು ಹಿಂಬಾಲಿಸಬಹುದು. ಇದರಲ್ಲಿ ಹೂವಿನ ಅಂಚು ನವಿರಾಗಿ ಎಳೆಎಳೆಯಾಗಿ ಬಿಟ್ಟುಕೊಂಡಿತ್ತು. ರೇಷ್ಮೆ ಬಟ್ಟೆಯ ಮೇಲೆ ಹತ್ತಿ ದಾರದಿಂದ ಯಂತ್ರದಲ್ಲಿ ಕಸೂತಿ ಹಾಕಿ, ಆಮೇಲೆ ರೇಷ್ಮೆಯನ್ನು ರಾಸಾಯನಿಕದಲ್ಲಿ ಕರಗಿಸಿ ಕಸೂತಿಯನ್ನಷ್ಟೇ ಉಳಿಸಿಕೊಳ್ಳುವ ಲೇಸಿನ ಲಕ್ಷಣವದು. ಸ್ವಿಟ್ಜರ್‌ಲೆಂಡಿನ ಸೇಂಟ್ ಗ್ಯಾಲನ್ ಮತ್ತು ಜರ್ಮನಿಯ ಪ್ಲೌಯೆನ್ ಊರುಗಳಲ್ಲಿ ಈ ವಿಧಾನ ಬೆಳೆದದ್ದು 1880ರ ದಶಕದಲ್ಲಿ. ಆದ್ದರಿಂದ ಕಾಲರ್ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಮಾತ್ರ ಕತ್ತಿನ ಅಂಚಿನ ಸೂಜಿ ತೂತುಗಳು. ಒಂದೇ ಸಾಲಿನಲ್ಲಲ್ಲ, ಒಂದರ ಪಕ್ಕ ಒಂದರಂತೆ ಹಲವು ಸಾಲುಗಳಲ್ಲಿ ಅವು ಇದ್ದವು. ಮಖಮಲ್ಲನ್ನು ನೀರಿಗೆ ಹಾಕುವಂತಿರಲಿಲ್ಲವಾದ್ದರಿಂದ, ಕಾಲರನ್ನು ಬಿಚ್ಚಿ, ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ಮತ್ತೆ ಕಚ್ಚಾ ಹೊಲಿಗೆ ಹಾಕುತ್ತಿದ್ದರು. ಯಾರೋ ಒಬ್ಬ ತಾಯಿಯೋ ಮನೆಕೆಲಸದವಳೋ ಪ್ರತಿ ಸಲ ಕೂತು ಹಾಕಿದ ಹೊಲಿಗೆಗಳವು, ಮತ್ತು ನಾನು ಅವುಗಳನ್ನು ಎಣಿಸದೆಯೇ ಕಾರ್ಡ್ ತುಂಬಿದ್ದೆ.

ಹೊಸ ಕಾರ್ಡಿನಲ್ಲಿ ‘ಹುಡುಗನ ಕಾಲರ್, ಯಂತ್ರದ ಹತ್ತಿ ಲೇಸ್, ಕತ್ತಿನಳತೆ 11 ಇಂಚು’ ಎಂದು ಬರೆದು ಫೋಟೋದ ಸಂಖ್ಯೆಯನ್ನೂ ಸೇರಿಸಿದೆ. ಆಮೇಲೆ ಟೇಪು ಹಿಡಿದು ಕಪಾಟಿನಲ್ಲಿದ್ದ ಉಳಿದ ‘ಮಹಿಳೆಯ ಕಾಲರ್’ಗಳನ್ನೆಲ್ಲ ಅಳೆಯಲು ಕುಳಿತೆ, ಅವುಗಳಲ್ಲಿ ಇನ್ನೆರಡು ಮಕ್ಕಳ ಅಳತೆಯವಾಗಿದ್ದವು.